ಜಾಡಿಸೋ ಕಲ್ಲು

"ಜಾಡ್ಸೇ! ಸೆರಗು ಜಾಡ್ಸು ಅಂದ್ರೆ ಏನೇ ಮೋರೆ ನೋಡ್ತಾ ನಿಂತೆ? ಪೊದೆ ಹಿಂದೆ ಕೂತು ಎಲ್ಲಾ ಜಾಡಿಸ್ಕೊಂಡು ಬಂದ್ಯಲ್ಲ, ಇದಕ್ಕೇನು ಬಂತು ದೊಡ್ಡ ರೋಗ?"

ತೋಟದ ಲೆಕ್ಕ ಬರೆಯುವ ರೈಟರ್ ಸಿದ್ದಣ್ಣ ಬಂಗಲೆಯ ಜಗಲಿಯ ಬೆಂಚಿನಿಂದ ಏಳದೆಯೇ ಕೂಗಿದ. ಕೆಳಗೆ ಅಂಗಳದಲ್ಲಿ ಒಂದು ಹಾಸುಗಲ್ಲು. ಅದರ ಮೇಲೆ ಜವರಿ ನಿಂತಿದ್ದಳು. ಮದುವೆಯಾಗಿ ಅರಕಲಗೂಡಿನ ಕಡೆಯಿಂದ ಈ ತೋಟಕ್ಕೆ ಬಂದು ಅವಳಿಗಿನ್ನೂ ಒಂದು ಮಳೆಗಾಲ ಪೂರ್ತಿ ಆಗಿರಲಿಲ್ಲ. ಸೆರಗು ಬಿಚ್ಚಿ ಒಂದು ಸಲ ಜಾಡಿಸಿದಳು. ಏನೂ ಬೀಳಲಿಲ್ಲ.

"ಸೊಂಟದ ಗಂಟು?"

"ಏನೂ ಇಲ್ಲ ಬುದ್ದಿ."

"ಇಲ್ಲ ಅಂತ ನೀನು ಹೇಳಿದ್ರೆ ಮುಗೀತಾ? ಎರಡು ಸಲ ನೆಗಿ, ನೋಡಾಣ."

ಗೋಣಿಚೀಲ ಹೊಲಿಯುತ್ತ ಕೂತಿದ್ದ ಗಂಡಾಳುಗಳು ದಬ್ಬಳ ನಿಲ್ಲಿಸಿ ತಲೆ ಎತ್ತಿದರು. ಜವರಿ ನೆಗೆದಳು. ಬಳೆ ಸದ್ದಾಯಿತು. ಮತ್ತೆ ನೆಗೆದಳು.

"ಬೆಳಿಗ್ಗೆಯಿಂದ ಎಷ್ಟನೇ ಸಲವೇ ಇದು? ಹೊಟ್ಟೆಯೊಳಗೆ ಕೆರೆ ಕಟ್ಟಿಸಿದೀಯಾ?" ಎಂದ ಸಿದ್ದಣ್ಣ. ಗಂಡಾಳುಗಳು ನಕ್ಕರು. ನಗದವನು ಒಬ್ಬನೇ, ಒಲೆಯ ಬಾಯಿಗೆ ಸೌದೆ ಒಟ್ಟುತ್ತಿದ್ದ ಪುಟ್ಟರಾಜು. ಜವರಿಯ ಗಂಡ. ಅವನು ತಲೆಯನ್ನು ಒಲೆಯೊಳಗೇ ಇಟ್ಟವನಂತೆ ಬಗ್ಗಿ, ಉರಿಯುತ್ತಿದ್ದ ಕೊಳ್ಳಿಯನ್ನೇ ಮತ್ತೆ ಮತ್ತೆ ಒಳಗೆ ನೂಕಿದ.

ಗೂಡಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ಅವಳ ಅತ್ತೆ ಹುಚ್ಚಮ್ಮ. ನೋಡಬಾರದಿತ್ತು, ನೋಡಿದಳು. ಇದೇ ಕಲ್ಲಿನ ಮೇಲೆ ಇದೇ ರೀತಿ ತಾನು ನೆಗೆದದ್ದು ನೆನಪಾಗಿ ಒಳಗೆ ಸರಿದುಕೊಂಡಳು.

ಗಾಳಿಬೀಡಿನ ಕೆಳಗಿನ ಆ ತೋಟ ಸೋಮವಾರಪೇಟೆಯ ಕಡೆಯ ವ್ಯಾಪಾರಿ ಕಲ್ಲೇಶಪ್ಪನದು. ಮಳೆ ಹಿಂದೆಗೆದ ಮೇಲೆ ಕಾಡಿನ ತಗ್ಗಿನಿಂದ ಹಸಿ ಏಲಕ್ಕಿ ಬುಟ್ಟಿಗಟ್ಟಲೆ ಬರುತ್ತಿತ್ತು. ಅದನ್ನು ಒಣಗಿಸುವ ಮನೆಗೆ ಗೂಡು ಎನ್ನುತ್ತಿದ್ದರು. ಕಲ್ಲಿನ ಗೋಡೆ, ಮೇಲೆ ತಗಡು, ನೆಲದುದ್ದಕ್ಕೂ ಕಬ್ಬಿಣದ ಕೊಳವೆ. ಹೊರಗಿನ ಒಲೆಯ ಉರಿ ಆ ಕೊಳವೆಯೊಳಗೆ ಓಡಿ ಒಳಗನ್ನೆಲ್ಲ ಕಾಯಿಸುತ್ತಿತ್ತು. ಕೊಳವೆಯ ಮೇಲೆ ಸಾಲು ಸಾಲು ಅಟ್ಟ, ಅಟ್ಟದ ಮೇಲೆ ಬಿದಿರಿನ ತಟ್ಟಿ, ತಟ್ಟಿಯ ತುಂಬ ಕಾಯಿ. ಹೆಂಗಸರು ಒಳಗಿದ್ದುಕೊಂಡು ಅದನ್ನು ಕೈಯಲ್ಲಿ ಮಗುಚುತ್ತಿರಬೇಕು. ಹಸಿಕಾಯಿಯ ನೀರೆಲ್ಲ ಹಬೆಯಾಗಿ ಎದ್ದು ಹೋಗಲು ಸಾಕಷ್ಟು ದಾರಿಯಿಲ್ಲದೆ ತಗಡಿಗೆ ತಾಗಿ ಬಿಸಿ ಹನಿಯಾಗಿ ಬೆನ್ನಿನ ಮೇಲೆಯೇ ಬೀಳುತ್ತಿತ್ತು. ಹೊರಗೆ ಮಂಜು ಬಿದ್ದು ಜನ ಕಂಬಳಿ ಹೊದ್ದಿರುವಾಗ ಒಳಗಿನವರ ರವಿಕೆ ಹಿಂಡಿದರೆ ನೀರು ಬರುತ್ತಿತ್ತು.

ಏಲಕ್ಕಿ ಬೆಲೆಯ ಸರಕು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದರೂ ಅಂಗಡಿಯವನು ಕೇಳದೆ ಕೊಳ್ಳುತ್ತಾನೆ. ಅದಕ್ಕೇ ಆ ಕಲ್ಲು. ಗೂಡಿನಿಂದ ಹೊರಬಿದ್ದ ಹೆಂಗಸು ಪೊದೆಗೆ ಹೋಗುವ ಮೊದಲೂ ಬಂದ ಮೇಲೂ ಕಲ್ಲಿನ ಮೇಲೆ ನಿಂತು ಜಾಡಿಸಬೇಕು. ಹೆಂಗಸರ ಬಾಯಲ್ಲಿ ಉಚ್ಚೆ ಎಂಬ ಮಾತೇ ಹೋಗಿ, 'ಕಲ್ಲಿಗೆ ಹೋಗೋದು' ಎಂದಾಗಿತ್ತು.

ಜವರಿ ಒಳಗೆ ಬಂದು ತಟ್ಟಿಗೆ ಕೈ ಹಾಕಿದಳು. ಪಕ್ಕದ ಅಟ್ಟದ ನಿಂಗಮ್ಮ, "ಎಂಗವ್ವ ಕುಣ್ತ? ಮದ್ವೆ ಮನೇಲೂ ಇಂಗ್ ಕುಣುದ್ಯ?" ಎಂದಳು.

"ಕುಣ್ಯಕ್ಕೆ ತಮಟೆ ಒಂದಿರ್ನಿಲ್ಲ ದೊಡ್ಡವ್ವ," ಎಂದಳು ಜವರಿ. ನಗಲು ನೋಡಿದಳು. ಬಾಯಿ ಓರೆಯಾಯಿತು. "ಆ ಸೂಳೆಮಗನ ಕಣ್ಣಿಗೆ ಈ ಕಾಯಿ ಬಿಸಿಬಿಸೀದು ತುರುಕ್ಬೇಕು."

"ಮೆಲ್ಗೆ," ಎಂದಳು ಹುಚ್ಚಮ್ಮ. "ತೆಪ್ಪು ನಿಂದೂ ಅದೆ. ಅಷ್ಟೊಂದು ನೀರ್ ಯಾಕ್ ಕುಡೀತಿಯ?"

"ಬಾಯಾರುದ್ರೆ ಏನತ್ತೆ ಮಾಡದು? ಬೇಯ್ತಾ ಇವ್ನಿ."

"ನಾವೇನು ತಂಪಿನಾಗೆ ಕೂತಿವ? ಬೆಳಿಗ್ಗೆ ಗಂಜಿ ಕುಡುದ್ರೆ ಮುಗೀತು. ಆಮೇಕೆ ಮನೆಗೋಗಗಂಟ ಒಂದ್ ಹನಿ ಮುಟ್ಬ್ಯಾಡ. ಕುಡುದ್ರೆ ತಾನೆ ಬರದು? ಕುಡೀದಿದ್ರೆ ಕಲ್ಲೂ ಇಲ್ಲ, ಕುಣ್ತಾನೂ ಇಲ್ಲ." ಹುಚ್ಚಮ್ಮ ಸೊಂಟದ ಚೀಲದಿಂದ ಒಂದು ಹುಣಸೆಬೀಜ ತೆಗೆದು ಸೆರಗಿಗೆ ಒರೆಸಿ ಅವಳ ಬಾಯಿಗೆ ಇಟ್ಟಳು. "ದವಡೆಗ್ ಇಟ್ಕೊ. ಬಾಯಾಗೆ ನೀರೂರ್ತದೆ. ನುಂಗ್ಬ್ಯಾಡ. ನಾವೆಲ್ಲ ಇಂಗೇ ಬದುಕಿರದು."

ನಿಂಗಮ್ಮ ನಾಲಿಗೆ ಹೊರಗೆ ಹಾಕಿ ತನ್ನ ಬೀಜ ತೋರಿಸಿದಳು. ಹೆಂಗಸರು ಒಬ್ಬೊಬ್ಬರಾಗಿ ತೋರಿಸಿದರು. ಜವರಿಗೆ ಈಗ ನಿಜವಾಗಿಯೇ ನಗು ಬಂತು.

ಬಾಗಿಲ ಹೊರಗೆ ತಾಮ್ರದ ಹಂಡೆಯ ತುಂಬ ನೀರು ಇರುತ್ತಿತ್ತು. ಇಲ್ಲ ಎನ್ನುವಂತಿಲ್ಲ. ಅದನ್ನು ಗೂಡಿನ ಹೆಂಗಸರು ಮುಟ್ಟುವಂತಿಲ್ಲ, ಅಷ್ಟೆ. ಕೇಳಿದರೆ ಅಡುಗೆಯ ಆಳು ಬಂದು ಮೇಲಿನಿಂದ ಚಿಪ್ಪಿನಲ್ಲಿ ಹೊಯ್ಯುತ್ತಿದ್ದ, ಬೊಗಸೆ ಒಡ್ಡಬೇಕು. ಕಲ್ಲೇಶಪ್ಪನ ಹೆಂಡತಿ ಸುಲೋಚನಮ್ಮ ಕೆಲವು ದಿನ ಒಂದು ಗಡಿಗೆ ನೀರುಮಜ್ಜಿಗೆಯನ್ನೂ ಕಳಿಸುತ್ತಿದ್ದಳು. ಉಪ್ಪು, ಶುಂಠಿ ಹಾಕಿ ಒಳ್ಳೆಯ ಮಜ್ಜಿಗೆ. ಸಂಜೆ ಗಡಿಗೆ ತುಂಬಿದ್ದು ತುಂಬಿದ್ದಂತೆಯೇ ಇರುವುದು ನೋಡಿ, "ಕೊಟ್ರೂ ಕುಡಿಯೋ ಯೋಗ ಇಲ್ಲ ಇವಕ್ಕೆ. ನಾಯಿಗಾದ್ರೂ ಹಾಕಿ," ಎಂದು ಜಗಲಿಯಿಂದಲೇ ಹೇಳಿ ಒಳಗೆ ಹೋಗುತ್ತಿದ್ದಳು. ಅವಳ ಮುಖದಲ್ಲಿ ನಿಜವಾದ ಬೇಸರ ಇರುತ್ತಿತ್ತು.

ಜವರಿ ಕಲಿತಳು. ಕೆಲವೇ ದಿನದಲ್ಲಿ ಅವಳು ಮಧ್ಯಾಹ್ನದ ತನಕ ಹೊರಗೆ ಬರದೆ ಇರುವುದು ಕಲಿತಳು, ಆಮೇಲೆ ಸಂಜೆಯ ತನಕ. "ಏನ್ ಪುಟ್ಟರಾಜ, ನಿನ್ ಹೆಂಡ್ತಿ ಕೆರೆ ಬತ್ತೋಯ್ತಾ?" ಎಂದು ಸಿದ್ದಣ್ಣ ಅಂಗಳದಲ್ಲಿ ಕೇಳಿದಾಗ ಹುಚ್ಚಮ್ಮನಿಗೆ ಸಿಟ್ಟಿಗಿಂತ ಒಂದು ಬಗೆಯ ಸಮಾಧಾನವೇ ಆಯಿತು. ಸೊಸೆಯ ಮಾನ ಉಳಿಯಿತು ಎಂದುಕೊಂಡಳು.

ದೀಪಾವಳಿ ಹತ್ತಿರ ಬಂದಿತ್ತು. ಎರಡು ದಿನ ಬಿಡದೆ ಸುರಿದ ಮಳೆಯಲ್ಲಿ ಕೊಯ್ದ ಕಾಯೆಲ್ಲ ಒಟ್ಟಿಗೇ ಬಂದು ಗೂಡಿನ ಅಟ್ಟಗಳು ಮೇಲಿನ ತನಕ ತುಂಬಿದವು. ಮೂರನೆಯ ದಿನ ಬೆಳಿಗ್ಗೆ ಬಿಸಿಲು ಬಂತು. ಕಲ್ಲೇಶಪ್ಪ ತಾನೇ ಬಂದು ಒಂದು ಕಾಯನ್ನು ಬೆಳಕಿಗೆ ಹಿಡಿದು ನೋಡಿದ.

"ಸಿದ್ದಣ್ಣ, ಬಿಳಿಚ್ಕೊಳ್ತಾ ಇದೆಯಲ್ಲೋ. ಹಸಿರು ಹೋದ್ರೆ ಬೊಂಬಾಯಿಯವನು ಮೂಸೂ ನೋಡಲ್ಲ. ಬೆಳಕಿಂಡಿ ಯಾರು ತೆಗೆದಿಟ್ಟಿದ್ದು?"

"ಒಳಗಿನ ಲೌಡಿಯರು, ಬುದ್ಧಿ. ಗಾಳಿ ಬೇಕಂತೆ ಇವರಿಗೆ."

"ಗಾಳಿ ಬೇಕಾದ್ರೆ ಗಾಳಿಬೀಡಿನ ಗುಡ್ಡ ಹತ್ತಲಿ. ಮುಚ್ಚು. ಬಾಗಿಲ ಚಿಲಕ ಹೊರಗಿಂದ ಹಾಕು. ಮಧ್ಯಾಹ್ನ ನಾನು ಬಂದು ನೋಡೋವರೆಗೂ ತೆಗೀಬೇಡ. ಏ ಪುಟ್ಟರಾಜ, ಒಲೆ ನೋಡೋ, ಹೆಣ ಸುಟ್ಟ ಮಾರನೇ ದಿನದ ಹಾಗಿದೆ. ಹಾಕು ಸೌದೆ."

ಪುಟ್ಟರಾಜು ಹಾಕಿದ.

ಚಿಲಕ ಬಿದ್ದ ಮೇಲೆ ಒಳಗೆ ಮಾತು ನಿಂತಿತು. ಮಾತಾಡಲು ಬಾಯಿ ತೆಗೆದರೆ ಹಬೆ ಗಂಟಲಿಗೆ ಇಳಿಯುತ್ತಿತ್ತು. ಹೆಂಗಸರು ತಟ್ಟಿಯಿಂದ ತಟ್ಟಿಗೆ ಕೈ ಆಡಿಸುತ್ತ, ಆಗಾಗ ಬಾಗಿಲ ಸಂದಿಗೆ ಮೂಗು ಕೊಟ್ಟು ಬರುತ್ತಿದ್ದರು. ಜವರಿ ತಲೆ ಸಿಡಿಯುತ್ತದೆ ಎಂದಳು. ಸ್ವಲ್ಪ ಹೊತ್ತಿಗೆ ಓಕರಿಕೆ ಬರುತ್ತದೆ ಎಂದಳು. ನಿಂಗಮ್ಮ ಅವಳನ್ನು ಓರೆನೋಟದಲ್ಲಿ ನೋಡಿ, "ಓಕರ್ಕೆನ? ಹುಚ್ಚವ್ವ, ಅಜ್ಜಿ ಆದೆ ಕಣೆ," ಎಂದಳು. ಆ ಉರಿಯಲ್ಲೂ ಹೆಂಗಸರು ಕಿಸಕ್ಕೆಂದರು. ಹುಚ್ಚಮ್ಮನಿಗೂ ಹಾಗೇ ಇರಬಹುದು ಅನಿಸಿತು.

ಕೈಹಿಡಿದು ನೋಡಿದಳು. ಜವರಿಯ ಕೈ ಕಾವಲಿಯಂತೆ ಸುಡುತ್ತಿತ್ತು, ಆದರೆ ಒಣಗಿತ್ತು. ಕತ್ತು, ಹಣೆ, ಎಲ್ಲಿ ಮುಟ್ಟಿದರೂ ಬೆವರಿಲ್ಲ. ತಗಡಿನ ಹನಿ ಬಿದ್ದ ಕಡೆ ಮಾತ್ರ ಒದ್ದೆ.

"ನೋಡ್ರವ್ವ, ನನ್ ಸೊಸೆಗೆ ಬೆವ್ರೇ ನಿಂತದೆ," ಎಂದಳು ಹುಚ್ಚಮ್ಮ. ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಮೈ ಪಳಗ್ತು. ನಂಗೆ ಇಷ್ಟಾಗಕ್ಕೆ ಎರಡ್ ವರ್ಸ ಇಡೀತು. ಈಗ ನೀನು ಗೂಡಿನೋಳು ಆದೆ ಕಣ್ ಮಗ."

ಜವರಿ ಅವಳನ್ನೇ ನೋಡಿದಳು. ಆಮೇಲೆ ಅಟ್ಟದ ಮೂಲೆಗೆ ಕೈ ತೋರಿಸಿ, "ಅವ್ವ, ಎಮ್ಮೆ ಬಿಚ್ಕೊಂಡದೆ. ಅದ್ನ ಕಟ್ಟು," ಎಂದಳು.

"ಯಾವ್ ಎಮ್ಮೆಯೇ?"

"ನಮ್ ಎಮ್ಮೆ. ಕೆರೆಗೆ ಓಯ್ತದೆ ಅದು. ಕಟ್ಟವ್ವ." ಅವಳ ನಾಲಿಗೆ ತೊದಲುತ್ತಿತ್ತು. ಎರಡು ಹೆಜ್ಜೆ ಇಟ್ಟು, ಮೂರನೆಯದಕ್ಕೆ ತಟ್ಟಿಯನ್ನು ಎಳೆದುಕೊಂಡು ಕಾಯಿಯ ಸಮೇತ ಕೊಳವೆಯ ಪಕ್ಕಕ್ಕೆ ಬಿದ್ದಳು.

ಹೆಂಗಸರು ಬಾಗಿಲು ಬಡಿದರು. ಬಡಿದೇ ಬಡಿದರು. ಸಿದ್ದಣ್ಣ ಬರುವಾಗ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿಕೊಂಡೇ ಬಂದ. ಚಿಲಕ ತೆಗೆದು ಮೊದಲು ನೋಡಿದ್ದು ನೆಲದ ಮೇಲೆ ಚೆಲ್ಲಿದ್ದ ಕಾಯನ್ನು.

"ಅಯ್ಯೋ ಬೇವಾರ್ಸಿಗಳಾ! ತಟ್ಟಿ ಯಾರೇ ಕೆಡವಿದ್ದು?"

"ಬುದ್ದಿ, ನನ್ ಸೊಸೆ ಬಿದ್ದೋಗವ್ಳೆ ಬುದ್ದಿ."

"ಬೀಳ್ದೆ ಏನು? ಹಬ್ಬದ ರಜ ಬೇಕಲ್ಲ. ಎಳೀರಿ ಆಚೆ."

ಅಂಗಳಕ್ಕೆ ಎಳೆದು ತಂದರು. ಜವರಿಯ ಕಣ್ಣಾಲಿ ಮೇಲಕ್ಕೆ ಸಿಕ್ಕಿತ್ತು, ದವಡೆ ಕಚ್ಚಿತ್ತು. ಸಿದ್ದಣ್ಣ ಬಗ್ಗಿ ನೋಡಿದವನು ಕೆನ್ನೆಯ ಉಬ್ಬು ಕಂಡು ತಟ್ಟನೆ ಕೂತ. ಎರಡು ಬೆರಳಲ್ಲಿ ಅವಳ ತುಟಿ ಬಿಡಿಸಿ, ಹಲ್ಲಿನ ಸಂದಿಗೆ ಬೆರಳು ತೂರಿಸಿದ.

"ನೋಡ್ರೋ, ನೋಡ್ರೋ! ಬಾಯಲ್ಲಿ ಇಟ್ಕೊಂಡಿದಾಳೆ ಕಳ್ಳಿ. ಸೆರಗು ಜಾಡ್ಸಿದ್ರೆ ಬೀಳ್ದೆ ಇರೋದು ಇದಕ್ಕೇ. ಇಷ್ಟು ದಿನ ಆಚೆ ಬರದೆ ಒಳಗೇ ಕೂತು ಮಾಡ್ತಿದ್ದ ಕೆಲಸ ಇದು!"

ಗೋಣಿ ಹೊಲಿಯುವವರು ಎದ್ದು ಬಂದು ಸುತ್ತ ನಿಂತರು. ಸಿದ್ದಣ್ಣ ಬೆರಳಿನಿಂದ ಕೆದಕಿ ತೆಗೆದ. ಅಂಗೈ ಮೇಲೆ ಹಾಕಿಕೊಂಡು ನೋಡಿದ. ನೆಕ್ಕಿ ನೆಕ್ಕಿ ನುಣುಪಾದ ಹುಣಸೆಬೀಜ.

ಯಾರೋ ಒಬ್ಬ ನಕ್ಕು, ನಗು ಅರ್ಧಕ್ಕೆ ನಿಲ್ಲಿಸಿದ. ಸಿದ್ದಣ್ಣ ಅದನ್ನು ಬಿಸಾಡಿ ಕೈಯನ್ನು ಗೋಣಿಗೆ ಒರೆಸಿದ. "ಒಂದೊಂದು ತಿಂಡಿ ಇವಕ್ಕೆ," ಎಂದ.

ಹುಚ್ಚಮ್ಮ ಆ ಬೀಜ ಹೋಗಿ ಬಿದ್ದ ಕಡೆಯೇ ನೋಡುತ್ತ ನಿಂತಿದ್ದಳು.

ಅಷ್ಟರಲ್ಲಿ ಜವರಿ ನಡುಗಲು ತೊಡಗಿದಳು. ಮೈ ಕೆಂಡ, ಕೈಕಾಲು ಅದುರು. ಆ ತೋಟದಲ್ಲಿ ಇದನ್ನು ಕಾಣದವರಿರಲಿಲ್ಲ. ಪ್ರತಿ ವರ್ಷ ಮಳೆಯ ಹಿಂದೆ ಚಳಿಜ್ವರ ಬಂದು ಕೂಲಿಯವರ ಲೈನುಮನೆಗಳಲ್ಲಿ ಜನರನ್ನು ಸಾಲಾಗಿ ಮಲಗಿಸುತ್ತಿತ್ತು. ಹುಚ್ಚಮ್ಮನ ಗಂಡ ಹೋದದ್ದೂ ಅದರಲ್ಲೇ. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು.

"ಚಳಿಜ್ವರ ಕಣ್ಲಾ ಪುಟ್ಟರಾಜ. ನಡೀ, ಚಾವಡಿಗೆ ಎತ್ತು. ಕಂಬ್ಳಿ ತತ್ತ. ಇರೋ ಗೋಣಿನೆಲ್ಲ ತತ್ತ."

ಗೋಣಿ ಒಟ್ಟುವ ಚಾವಡಿಯ ಮೂಲೆಯಲ್ಲಿ ಮಲಗಿಸಿ ಕಂಬಳಿ ಹೊದಿಸಿದರು. ನಡುಕ ನಿಲ್ಲಲಿಲ್ಲ. ಅದರ ಮೇಲೆ ಗೋಣಿ, ಅದರ ಮೇಲೆ ಇನ್ನೊಂದು. ಗಾಳಿ ಸೋಕಬಾರದೆಂದು ಹುಚ್ಚಮ್ಮ ಕತ್ತಿನ ಸುತ್ತ ಒತ್ತಿ ಒತ್ತಿ ಸಿಕ್ಕಿಸಿದಳು. ನಿಂಗಮ್ಮ ಕರಿಮೆಣಸು ಕುಟ್ಟಿ ಕಷಾಯ ಕಾಯಿಸಿ ತಂದಳು. ಹನಿ ಹನಿಯಾಗಿ ಹುಯ್ದರು. ಅರ್ಧ ಕಟವಾಯಿಯಿಂದ ಇಳಿದು ಹೋಯಿತು.

ಒಂದು ಸಲ ಜವರಿಯ ತುಟಿ ಅಲುಗಿತು. ಪುಟ್ಟರಾಜು ಕಿವಿ ಕೊಟ್ಟು ಕೇಳಿ, "ಅವ್ವ, ನೀರು ಅಂತಾವ್ಳೆ," ಎಂದ.

"ಚಳಿಜ್ವರ್ಕೆ ತಣ್ಣೀರ್ ಕೊಟ್ಟಾರ? ಸಾಯ್ಸ್‌ಬೇಕು ಅಂತಿದ್ದಿಯಾ?"

"ಒಂದ್ ಗುಟುಕು, ಅವ್ವ."

"ನೀನ್ ಓಗ್ಲಾ ಆಚಿಕೆ. ನಾನ್ ನೋಡಿವ್ನಿ ಇಂಥವ. ಬೆವ್ರು ಬುಟ್ರೆ ಸರೋಯ್ತದೆ."

ಅವನು ಹೋಗಲಿಲ್ಲ. ಸಿದ್ದಣ್ಣ ಬಂದು ಒಲೆ ಆರುತ್ತಿದೆ ಎಂದು ಕೂಗಿದ ಮೇಲೆ ಹೋದ. ಹುಚ್ಚಮ್ಮ ಗೋಣಿಯ ಅಂಚನ್ನು ಒತ್ತಿ ಹಿಡಿದುಕೊಂಡು ಬೆವರಿಗಾಗಿ ಕಾಯುತ್ತ ಕೂತಳು. ದನ ಮನೆಗೆ ತಿರುಗುವ ಹೊತ್ತಿಗೆ ನಡುಕ ನಿಂತಿತು. ಅವಳು ಜ್ವರ ಬಿಟ್ಟಿತು ಎಂದುಕೊಂಡಳು. ಮುಟ್ಟಿ ನೋಡಿದವಳು ನಿಂಗಮ್ಮ.

ಮಾರನೇ ದಿನ ಆ ನಾಡಿನ ಸರ್ಕಾರಿ ಅಧಿಕಾರಿ ಪಾರುಪತ್ತೆಗಾರರು ಕುದುರೆಯ ಮೇಲೆ ಬಂದರು. ಕೂಲಿಯಾಳು ಕೆಲಸದ ಜಾಗದಲ್ಲಿ ಸತ್ತರೆ ಸರ್ಕಾರದವರು ಬಂದು ಕೇಳಿಕೊಂಡು ಹೋಗಬೇಕಿತ್ತು. ಜತೆಯಲ್ಲಿ ಒಬ್ಬ ಮಲೆಯಾಳಿ ಕಂಪೌಂಡರ್ ನಡೆದು ಬಂದಿದ್ದ. ಪಾರುಪತ್ತೆಗಾರರಿಗೆ ಜಗಲಿಯ ಮೇಲೆ ಕುರ್ಚಿ ಹಾಕಿದರು. ಸುಲೋಚನಮ್ಮ ಕಾಫಿ ಕಳಿಸಿದಳು. ಕಂಪೌಂಡರ್ ಚಾವಡಿಗೆ ಹೋಗಿ ಗೋಣಿಗಳನ್ನು ಎತ್ತಿ ನೋಡಿ, ಗೂಡಿನೊಳಗೆ ಒಂದು ಹೆಜ್ಜೆ ಇಟ್ಟು ಹೊರಗೆ ಹಾರಿ ಬಂದು, ನಡೆದದ್ದನ್ನೆಲ್ಲ ಕೇಳಿಕೊಂಡ.

"ಇದ್ ಪನಿ ಅಲ್ಲ ಸಾರ್, ಜ್ವರ ಅಲ್ಲ ಇದ್," ಎಂದ ಅವನು. "ಒಳಗಿನ ಕಾವು ತಲೆಗೇರಿದ್ದು. ನೀರು ಕುಡಿಸಿ, ಬಟ್ಟೆ ಸಡಿಲ ಮಾಡಿ, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸಬೇಕಿತ್ತು. ಇವರು ಕಂಬಳಿ ಹೊದಿಸಿ ಬೇಯಿಸಿದ್ದಾರೆ. ಯಾರು ಇದನ್ನ ಮಾಡಿದ್ದು?"

ಅಂಗಳದಲ್ಲಿ ನಿಂತವರೆಲ್ಲ ಹುಚ್ಚಮ್ಮನನ್ನು ನೋಡಿದರು. ಪುಟ್ಟರಾಜು ಮಾತ್ರ ನೋಡಲಿಲ್ಲ.

"ನೀನಾ?" ಎಂದರು ಪಾರುಪತ್ತೆಗಾರರು.

"ಊಂ ಬುದ್ದಿ."

"ಎಂಥ ಮಾಡಿದ್ದು ಮಾರಾಯ್ತಿ." ಅವರು ಕಲ್ಲೇಶಪ್ಪನ ಕಡೆ ತಿರುಗಿದರು. "ಈಗ ಮೊದಲಿನ ಹಾಗಲ್ಲ ಕಲ್ಲೇಶಪ್ಪನವರೇ. ಬಿಳಿಯರು ಹೋಗಿ ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ ಕೂತಿದೆ. ತೋಟದ ಕೂಲಿಯವರಿಗೆ ದಿಲ್ಲಿಯಲ್ಲಿ ಕಾನೂನೇ ಆಗಿದೆ. ಕುಡಿಯುವ ನೀರು ಇಡಬೇಕು ಅಂತ ಇದೆ."

"ಇಟ್ಟಿಲ್ಲ ಅಂತ ಯಾರು ಹೇಳ್ತಾರೆ ಸ್ವಾಮಿ? ಅಗೋ ಅಲ್ಲಿದೆ ಹಂಡೆ. ಬೆಳಿಗ್ಗೆ ತುಂಬಿಸಿದ್ದು ಸಂಜೆ ಹಾಗೇ ಇರುತ್ತೆ. ನೀರೇನು, ನನ್ನ ಹೆಂಡ್ತಿ ಮಜ್ಜಿಗೆ ಮಾಡಿ ಕಳಿಸ್ತಾಳೆ. ಅದನ್ನೂ ಮುಟ್ಟಲ್ಲ. ಕೇಳಿ ಬೇಕಾದ್ರೆ."

ಪಾರುಪತ್ತೆಗಾರರು ಎದ್ದು ಹಂಡೆಯ ತನಕ ಬಂದು ನೋಡಿದರು. ತುಂಬಿತ್ತು. ಮೇಲೊಂದು ಎಲೆ ತೇಲುತ್ತಿತ್ತು. ಅವರು ಕೆಟ್ಟವರಂತೆ ಕಾಣುತ್ತಿರಲಿಲ್ಲ. ಮೆಲ್ಲಗೇ ಕೇಳಿದರು: "ಇಷ್ಟು ನೀರು ಇಲ್ಲೇ ಇದೆ. ನಾಲ್ಕು ಹೆಜ್ಜೆ. ಯಾಕಮ್ಮ ಕುಡಿಯಲಿಲ್ಲ ಅವಳು? ನೀವ್ಯಾರೂ ಯಾಕೆ ಕುಡಿಯುವುದಿಲ್ಲ?"

ಹುಚ್ಚಮ್ಮನಿಗೆ ಉತ್ತರ ಗೊತ್ತಿತ್ತು. ಒಂದೇ ಮಾತು. ಆದರೆ ಎದುರಿಗೆ ಪಾರುಪತ್ತೆಗಾರರು, ಧಣಿ, ರೈಟರು, ಗೋಣಿ ಹೊಲಿಯುವವರು. ಪಕ್ಕದಲ್ಲಿ ಹೊಟ್ಟೆಯಲ್ಲಿ ಹುಟ್ಟಿದ ಮಗ. ಇಷ್ಟು ಗಂಡಸರ ನಡುವೆ ಆ ಮಾತನ್ನು ಹೆಂಗಸಾದವಳು ಹೇಗೆ ಆಡುವುದು? ಸಿದ್ದಣ್ಣ ಹುಬ್ಬು ಏರಿಸಿ ಅವಳನ್ನೇ ನೋಡುತ್ತಿದ್ದ. ಹೇಳು ನೋಡೋಣ ಎನ್ನುವ ಹಾಗೆ. ಅವನ ತುಟಿಯ ಮೂಲೆಯಲ್ಲಿ ನಗುವಿತ್ತು.

"ಬಾಯಾರ್ಕೆ ಇರ್ನಿಲ್ಲ ಬುದ್ದಿ," ಎಂದಳು.

ಪುಟ್ಟರಾಜು ಆಗ ತಲೆ ಎತ್ತಿದ. ನೀರು ಎಂದು ಅವಳ ತುಟಿ ಅಲುಗಿದ್ದನ್ನು ಕೇಳಿದವನು ಅವನು. ತಾಯಿಯನ್ನು ನೋಡಿದ, ಅಷ್ಟೆ.

"ಕೇಳಿದ್ರಲ್ಲ," ಎಂದ ಕಲ್ಲೇಶಪ್ಪ.

ಪಾರುಪತ್ತೆಗಾರರು ನಿಟ್ಟುಸಿರು ಬಿಟ್ಟು ಜಗಲಿಗೆ ಮರಳಿದರು. "ಅಜ್ಞಾನ," ಎಂದರು. "ಕಾನೂನು ಮಾಡಿ ಏನು ಮಾಡುವುದು? ನೀರು ಎದುರಿಗಿಟ್ಟರೂ ಕುಡಿಯಲು ತಿಳಿಯದ ಜನ. ತಗೊಂಡು ಹೋಗಿ ಮಣ್ಣು ಮಾಡಿ." ಆರಿದ ಕಾಫಿಯ ಬದಲು ಸುಲೋಚನಮ್ಮ ಬೇರೆ ಬಿಸಿ ಕಾಫಿ ಕಳಿಸಿದಳು.

ಪುಟ್ಟರಾಜು ಮತ್ತು ಇನ್ನಿಬ್ಬರು ಹೆಣವನ್ನು ಬಿದಿರಿನ ತಟ್ಟಿಯ ಮೇಲೆ ಹೊತ್ತು ಚಾವಡಿಯಿಂದ ಹೊರಟರು. ಹೆಂಗಸರು ಹಿಂದೆ. ಅಂಗಳದ ತುಂಬ ಒಣಗಿದ ಏಲಕ್ಕಿಯನ್ನು ಆಯಲು ಚಾಪೆಗಳ ಮೇಲೆ ಹರವಿದ್ದರು. ಬಿಸಿಲಿಗೆ ಹಸಿರು ಚೆನ್ನಾಗಿ ಕಾಣುತ್ತಿತ್ತು. ಹಾಸುಗಲ್ಲಿನಿಂದ ಕೆಳಕ್ಕೆ ಸಣ್ಣ ಇಳಿಜಾರು, ಅದರ ಬುಡದಿಂದಲೇ ಚಾಪೆ ಶುರು. ಅದರ ಪಕ್ಕದಲ್ಲೇ ದಾರಿ.

"ನಿಲ್ಸ್ರೋ, ನಿಲ್ಸ್ರೋ," ಎಂದು ಸಿದ್ದಣ್ಣ ಬೆಂಚಿನಿಂದ ಎದ್ದ. "ಗೋಣಿ ತೋಟದ್ದು. ಅದರ ಸಮೇತ ಎಲ್ಲಿಗೆ ಹೊರಟ್ರಿ?"

"ಮುಚ್ಚಕ್ಕೆ ಬೇರೆ ಇಲ್ಲ ಬುದ್ದಿ," ಎಂದ ಪುಟ್ಟರಾಜು. "ಆಮೇಕೆ ತಂದ್ಕೊಡ್ತಿನಿ."

"ತಂದ್ಕೊಡ್ತೀಯ, ಸರಿ. ಗೋಣಿ ಮಡಿಕೆಯಲ್ಲಿ ಕಾಯಿ ಸಿಕ್ಕೊಂಡಿದ್ರೆ? ಚಾವಡೀಲಿ ರಾತ್ರಿಯೆಲ್ಲ ಕಾದವರು ಯಾರು, ಇದೇ ಲೌಡಿಯರು ತಾನೆ? ಗೂಡಿಂದ ಬಂದಿದ್ದು ಏನೇ ಆಗ್ಲಿ, ಕಲ್ಲು ದಾಟಬೇಕಾದ್ರೆ ಜಾಡ್ಸೇ ದಾಟ್ಬೇಕು. ಇಳಿಸಿ. ಜಾಡ್ಸಿ."

ಹೊತ್ತವರು ಹೆಗಲು ಬದಲಿಸಿಕೊಂಡರು.

"ಸಿದ್ದಣ್ಣ," ಎಂದ ಕಲ್ಲೇಶಪ್ಪ, ಪಾರುಪತ್ತೆಗಾರರ ಮುಖ ನೋಡಿಕೊಂಡು. ಆಮೇಲೆ, "ಬೇಗ ಮುಗಿಸು," ಎಂದ.

ಕಲ್ಲಿನ ಪಕ್ಕ ತಟ್ಟಿ ಇಳಿಸಿದರು. ಪುಟ್ಟರಾಜು ಗೋಣಿಯ ತುದಿ ಹಿಡಿದ. ಅವನ ಕೈ ಏಳಲಿಲ್ಲ. ಸಿದ್ದಣ್ಣನೇ ಇಳಿದು ಬಂದು ಗೋಣಿಯನ್ನು ಎಳೆದು ಕೊಡವಿದ. ಧೂಳು ಎದ್ದಿತು. ನಿನ್ನೆಯ ಒದ್ದೆ ಸೀರೆ ಒಣಗಿ ಜವರಿಯ ಮೈಗೆ ಅಂಟಿಕೊಂಡಿತ್ತು. ಮೊಣಕಾಲಿನ ತನಕ ಸರಿದಿತ್ತು. ಸಿದ್ದಣ್ಣ ಕಾಲಿನ ತುದಿಯಿಂದ ಅವಳ ಸೆರಗನ್ನು ಎತ್ತಿ ನೋಡಿದ.

"ಸರಿ, ಹೊರಡಿ," ಎಂದ.

ಹುಚ್ಚಮ್ಮ ಹೊರಡಲಿಲ್ಲ. ಕೆನ್ನೆಯೊಳಗಿಂದ ಹುಣಸೆಬೀಜ ತೆಗೆದಳು. ಬೆಳಿಗ್ಗೆ ಯಾವಾಗ ಅದನ್ನು ಬಾಯಿಗೆ ಹಾಕಿಕೊಂಡಳೋ ಅವಳಿಗೇ ತಿಳಿದಿರಲಿಲ್ಲ. ಜಗಲಿಯ ಅಂಚಿಗೆ ಹೋಗಿ ಪಾರುಪತ್ತೆಗಾರರ ಕಾಫಿ ಲೋಟದ ಪಕ್ಕ ಅದನ್ನು ಇಟ್ಟಳು. ಅವರು ಅದೇನೆಂದು ನೋಡುವಷ್ಟರಲ್ಲಿ ತಿರುಗಿ ಗೂಡಿನ ಬಾಗಿಲಿಗೆ ನಡೆದಳು. ಹಂಡೆಗೆ ಎರಡೂ ಕೈ ಮೊಣಕೈ ತನಕ ಅದ್ದಿದಳು.

"ಏಯ್! ಹಂಡೆ ಮುಟ್ಟಿದ್ಲು!" ಅಡುಗೆಯ ಆಳು ಚೀರಿದ.

ಅವಳು ಕುಡಿದಳು. ಬೊಗಸೆ ಬೊಗಸೆ ಕುಡಿದಳು. ಬೊಗಸೆ ಸಾಲದೆ ಮುಖವನ್ನೇ ಹಂಡೆಗೆ ಇಟ್ಟು ದನದಂತೆ ಕುಡಿದಳು. ಗಂಟಲಿಗೆ ಹತ್ತಿ ಕೆಮ್ಮಿದಳು. ಹೊಟ್ಟೆ ನೊಂದರೂ ಕುಡಿದಳು. ತಲೆಯ ಮೇಲೆ ಹುಯ್ದುಕೊಂಡಳು. ಸುಲೋಚನಮ್ಮ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

"ಹುಚ್ಚು ಹಿಡೀತೇನೇ ನಿಂಗೆ?" ಸಿದ್ದಣ್ಣ ಕೂಗಿದ.

"ನನ್ ಹೆಸ್ರೇ ಅದಲ್ವ ಬುದ್ದಿ. ಈಗ್ ಗೊತ್ತಾಯ್ತ?"

ಅವಳು ಒದ್ದೆ ಸೀರೆಯಲ್ಲಿ ಅಂಗಳ ದಾಟಿ ಬಂದಳು. ಬೆಳಿಗ್ಗೆಯಿಂದ ತಡೆದದ್ದು, ನಿನ್ನೆ ರಾತ್ರಿಯಿಡೀ ಹೆಣದ ಪಕ್ಕ ಕೂತು ತಡೆದದ್ದು, ಎಷ್ಟೋ ವರ್ಷ ತಡೆದು ತಡೆದು ಅಡಿಹೊಟ್ಟೆಯಲ್ಲಿ ನೋವಾಗಿ ನಿಂತದ್ದು. ಪೊದೆಯ ಕಡೆಗೆ ತಿರುಗಲಿಲ್ಲ. ನೇರವಾಗಿ ಕಲ್ಲಿನ ಮೇಲೆ ಹತ್ತಿದಳು. ಜಗಲಿಯ ಕಡೆಗೆ ಮುಖ ಮಾಡಿದಳು.

"ಯಾಕ್ ಕುಡೀನಿಲ್ಲ ಅಂತ ಕೇಳುದ್ರಲ್ಲ ಬುದ್ದಿ," ಎಂದಳು ಪಾರುಪತ್ತೆಗಾರರಿಗೆ. "ಬಾಯಾರ್ಕೆ ಇರ್ನಿಲ್ಲ ಅಂದಿದ್ದು ಸುಳ್ಳು. ಇದುಕ್ಕೆ ಕುಡೀನಿಲ್ಲ."

ಸೀರೆ ಎತ್ತಿ ಕುಕ್ಕರಗಾಲಲ್ಲಿ ಕೂತಳು.

ಮೊದಲಿಗೆ ಬರಲಿಲ್ಲ. ಅಷ್ಟು ತಡೆದಿದ್ದರೂ ಬರಲಿಲ್ಲ. ಮೈಯೆಲ್ಲ ನಾಚಿಕೆ ಉರಿಯಿತು, ಗೂಡಿನ ಝಳಕ್ಕಿಂತ ಹೆಚ್ಚು ಉರಿಯಿತು. ಎದ್ದು ಓಡಬೇಕು ಅನಿಸಿತು. ಎಡಗಡೆ ತಟ್ಟಿಯ ಮೇಲೆ ಜವರಿಯ ಪಾದ ಗೋಣಿಯ ಹೊರಗೆ ಉಳಿದಿತ್ತು. ಹುಚ್ಚಮ್ಮ ಆ ಪಾದವನ್ನೇ ನೋಡುತ್ತ ಹಲ್ಲು ಕಚ್ಚಿ ಕೂತಳು. ಆಮೇಲೆ ಬಂತು. ಅಷ್ಟು ದೊಡ್ಡ ಅಂಗಳದಲ್ಲಿ ಆ ಸದ್ದು ಒಂದೇ ಇತ್ತು.

ಪಾರುಪತ್ತೆಗಾರರು ಮುಖ ತಿರುಗಿಸಿದರು. ಕಂಪೌಂಡರ್ ತಿರುಗಿದ. ದಿನಾ ದಬ್ಬಳ ನಿಲ್ಲಿಸಿ ನೋಡುತ್ತಿದ್ದ ಗೋಣಿಯವರು ಒಬ್ಬೊಬ್ಬರಾಗಿ ಗೋಡೆಯ ಕಡೆಗೆ ತಿರುಗಿದರು. ಸಿದ್ದಣ್ಣನ ಕಣ್ಣಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ, ಅವನೂ ತಿರುಗಿದ.

ಹಿಂದೆ ಹಂಡೆಯ ನೀರು ಮತ್ತೆ ಕದಡಿದ ಸದ್ದಾಯಿತು. ನಿಂಗಮ್ಮ ಮುಖ ಅದ್ದಿ ಕುಡಿಯುತ್ತಿದ್ದಳು. ಅವಳ ಹಿಂದೆ ಇನ್ನೊಬ್ಬಳು ಕಾಯುತ್ತಿದ್ದಳು.

ಕಲ್ಲಿನಿಂದ ಇಳಿದ ನೀರು ಧೂಳಿನಲ್ಲಿ ದಾರಿ ಮಾಡಿಕೊಂಡು ಇಳಿಜಾರಿಗೆ ಹರಿಯಿತು. ಮೊದಲು ಕಂಡವನು ಕಲ್ಲೇಶಪ್ಪ.

"ಏಲಕ್ಕಿ! ಏಲಕ್ಕಿ ಎತ್ರೋ! ಚಾಪೆ ಎಳೀರೋ ಬೇವಾರ್ಸಿಗಳಾ! ಪುಟ್ಟರಾಜ, ಅಲ್ಲೇ ನಿಂತಿದೀಯಲ್ಲೋ, ಎಳಿಯೋ!"

ಪುಟ್ಟರಾಜು ಚಾಪೆಯ ಪಕ್ಕದಲ್ಲೇ ಇದ್ದ. ಬಗ್ಗಿದರೆ ಕೈಗೆ ಸಿಕ್ಕುತ್ತಿತ್ತು. ಅವನು ತಾಯಿಗೆ ಬೆನ್ನು ಮಾಡಿ, ಹೆಂಡತಿಯ ಮೇಲೆ ಗೋಣಿ ಸರಿಪಡಿಸುತ್ತ ಇದ್ದ. ಚಾಪೆಯ ಅಂಚು ಕಪ್ಪಗೆ ಒದ್ದೆಯಾಯಿತು. ಇನ್ನೂ ಹರಿಯುತ್ತಿತ್ತು.